ತಿಪ್ಪೇರುದ್ರಸ್ವಾಮಿ ಹಾಕಿಸಿದ ತಾರಸಿ

ಆರ್ಕಿಟೆಕ್ಟ್ ತಿಪ್ಪೇರುದ್ರಸ್ವಾಮಿಯವರನ್ನು ಜಗಳೂರಿನವರೆಲ್ಲ ಎಂಜಿನಿಯರ್ ಸಾರ್ ಅಂತಲೇ ಕರೆಯುವುದು. ತಿದ್ದಿ ತಿದ್ದಿ ಅವರಿಗೂ ಸಾಕಾಗಿತ್ತು. ಹದಿನಾಲ್ಕು ವರ್ಷದಿಂದ ಅವರ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ನಕ್ಷೆ ಬರೆಯುವವಳು ನಾನು, ವನಜಾಕ್ಷಿ. ಒಳ್ಳೆಯ ಮನುಷ್ಯ ಕಣ್ರೀ. ಬಡವರೆಂದು ಯಾರನ್ನೂ ಬಾಗಿಲಲ್ಲಿ ಕಾಯಿಸಿದವರಲ್ಲ. ಅಂಥವರ ಕೈಯಲ್ಲಿ ಹೀಗಾಯಿತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಮೂರು ವರ್ಷದ ಹಿಂದೆ ದಾವಣಗೆರೆಯಲ್ಲಿ ಕಟ್ಟಡಗಳ ಇಂಧನ ಉಳಿತಾಯದ ನಿಯಮಗಳ ಬಗ್ಗೆ ಒಂದು ದಿನದ ತರಬೇತಿ. ಇಬ್ಬರೂ ಹೋಗಿದ್ದೆವು. ಹಾಜರಿಗೆ ಸಹಿ ಹಾಕಿ, ಹೋಳಿಗೆ ಊಟ ಹೊಡೆದು, ಕೊಟ್ಟ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮೂರು ಗಂಟೆ ಬಸ್ಸಿಗೆ ವಾಪಸ್!

"ದೊಡ್ಡ ದೊಡ್ಡ ಬಿಲ್ಡಿಂಗಿಗೆ ಇದು. ನಮ್ಮೂರಾಗೆ ಅಂಥದ್ದು ಎಲ್ಲೈತೆ ಬಿಡು," ಅಂದರು ಸಾರ್. ನಾನೂ ಹೂಂ ಅಂದೆ. ಪುಸ್ತಕ ಪ್ಲಾಸ್ಟಿಕ್ ಕವರಿನ ಸಮೇತ ಬೀರು ಸೇರಿತು.

ಆ ವರ್ಷವೇ ಶಹರಬಾನು ಬಂದರು. ಗಂಡ ಸುಬಾನಸಾಬರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರದು ತೊಲೆಗಳ ಮೇಲೆ ಮಣ್ಣು ಹಾಸಿದ ಹಳೆಯ ಮಾಳಿಗೆ ಮನೆ, ತೊಲೆಗೆ ಗೆದ್ದಲು ಹತ್ತಿತ್ತು.

"ತೊಲೆ ಬದಲಾಯಿಸಿ ಮೇಲೆ ಮಣ್ಣೇ ಹಾಕಿಸಿಕೊಡ್ರಿ ಸಾರ್. ಬ್ಯಾಸಿಗ್ಯಾಗೂ ತಂಪಾಗಿರ್ತೈತೆ. ನಮ್ಮ ಮನೆಯೋರಿಗೆ ಎದ್ದು ಹೊರಗೆ ಬರಾಕೆ ಆಗಲ್ಲ."

"ಯಾವ ಕಾಲದಾಗೆ ಇದೀರಮ್ಮ? ತಾರಸಿ ಹಾಕಿಸ್ರಿ, ನೂರು ವರ್ಷ ಅಲ್ಲಾಡಂಗಿಲ್ಲ," ಎಂದು ಸಾರ್ ನಕ್ಕರು.

ಬರೀ ಕಾಂಕ್ರೀಟ್ ತಾರಸಿ, ಪಡುವಣಕ್ಕೆ ಅಗಲವಾದ ಗಾಜಿನ ಕಿಟಕಿ. ನಕ್ಷೆ ಬರೆದ ಕೈ ನನ್ನದೇ.

ಹೋದ ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ತಾರಸಿ ರೊಟ್ಟಿ ಹಂಚಿನಂತೆ ಕಾದಿತ್ತು. ಶಹರಬಾನು ಒದ್ದೆ ಬಟ್ಟೆ ಹೊದಿಸಿದರು, ಕೈ ಸೋಲುವವರೆಗೆ ಬೀಸಣಿಗೆ ಬೀಸಿದರು. ಸುಬಾನಸಾಬರು ಉಳಿಯಲಿಲ್ಲ. ಕಾವು ತಡೆದುಕೊಳ್ಳಲು ಆಗಲಿಲ್ಲ ಅಂತ ಡಾಕ್ಟರೂ ಹೇಳಿದರು.

ಸುಬಾನಸಾಬರ ಮಣ್ಣಿಗೆ ಹೋಗಿಬಂದ ಮರುದಿನ ಸಾರ್ ಆ ಪುಸ್ತಕದ ಕವರ್ ಹರಿದರು. ತಾರಸಿಗೆ ಕಾವು ತಡೆಯುವ ಪದರ, ಪಡುವಣ ಕಿಟಕಿಗೆ ನೆರಳು, ಎಲ್ಲ ಬರೆದಿತ್ತು.

"ಸಣ್ಣ ಮನೆಗೆ ಇದು ಕಡ್ಡಾಯ ಅಲ್ಲ ಸಾರ್," ಅಂದೆ, ಸಮಾಧಾನಕ್ಕೆ.

"ಕಡ್ಡಾಯ ಅಲ್ಲ ಅಂತ ಹೇಳಾಕಾದ್ರೂ ಮೊದಲು ಓದಿರಬೇಕಿತ್ತಲ್ಲ ವನಜಾಕ್ಷಿ."

ಅದೇ ಸಂಜೆ ಶಹರಬಾನು ಮನೆಗೆ ಹೋದೆವು. ಬಾಗಿಲಲ್ಲೇ ನಿಂತು ಸಾರ್, "ತಪ್ಪು ನಂದು ತಾಯಿ. ನಿಮ್ಮ ಮಾತು ಕೇಳಬೇಕಿತ್ತು," ಅಂದರು.

ಆಕೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನಾನೂ ಹಟ ಮಾಡಬೋದಿತ್ತು ಸಾರ್. ಓದಿದೋರು, ನನಗಿಂತ ಜಾಸ್ತಿ ತಿಳಿದಿರ್ತೈತೆ ಅಂತ ಸುಮ್ಕಾದೆ."

ತಿಪ್ಪೇರುದ್ರಸ್ವಾಮಿ ಹೊಸ್ತಿಲ ಮೇಲೆ ಕೂತು ಗೋಳೋ ಎಂದು ಅತ್ತರು. ಎಬ್ಬಿಸಿ ನೀರು ಕೊಟ್ಟವರು ಶಹರಬಾನು.