ಸತ್ತ ಅತ್ತೆಯ ಹದಿನಾರು ಪುಟ

ಕಾಲೇಜು ಲೈಬ್ರರಿಯ ಮೆಟ್ಟಿಲ ಕೆಳಗೆ ಒಂದು ಕೋಣೆಯಿದೆ. ನೆಟ್ಟಗೆ ನಿಂತರೆ ಮೆಟ್ಟಿಲು ಹಣೆಗೆ ಬಡಿಯುತ್ತದೆ, ಕೂತರೆ ಮೂಗಿಗೆ ಅಂಟಿನ ವಾಸನೆ ಹೊಡೆಯುತ್ತದೆ. ಅಲ್ಲಿ ಇಪ್ಪತ್ತಾರು ವರ್ಷದಿಂದ ಹರಿದ ಪುಸ್ತಕಗಳಿಗೆ ರಟ್ಟು ಹಾಕುತ್ತಾ ಕೂತಿರುವ ಹೆಂಗಸನ್ನು ಹುಡುಗರೆಲ್ಲ ದಬ್ಬಳದಮ್ಮ ಅನ್ನುತ್ತಾರೆ, ಯಾಕೆಂದರೆ ಯಾವಾಗ ನೋಡಿದರೂ ಅವಳ ಕೈಯಲ್ಲಿ ಆ ದಪ್ಪ ಸೂಜಿ ಇದ್ದೇ ಇರುತ್ತದೆ, ಬೈಯುವಾಗ ಅದನ್ನೇ ಬೆರಳಿನ ಹಾಗೆ ಆಡಿಸುತ್ತಾಳೆ! ಬೈಯುವುದಂತೂ ದಿನವೂ ಇದ್ದದ್ದೇ. ಪುಟ ಮಡಚುವವರಿಗೆ ಒಂದು ಸಲ, ಎಂಜಲು ಹಚ್ಚಿ ತಿರುವುವವರಿಗೆ ಎರಡು ಸಲ.

ಒಂದು ವಿಷಯ ಮಾತ್ರ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಸಾವಿರಾರು ಪುಸ್ತಕ ಹೊಲಿದವಳು ಒಂದನ್ನೂ ಓದಿರಲಿಲ್ಲ. ಕೇಳಿದರೆ, "ಹೊಲಿಯೋರು ಓದ್ತಾ ಕೂತ್ರೆ ನೀವು ಓದೋದೇನು, ಬರೀ ರಟ್ಟಾ?" ಅಂತ ಬಾಯಿ ಮುಚ್ಚಿಸುತ್ತಿದ್ದಳು. ಆದರೆ ತನ್ನ ಹೊಲಿಗೆಯಲ್ಲಿ ಒಂದೇ ಒಂದು ಪುಟ ಆಚೀಚೆ ಆಗಿಲ್ಲ ಅನ್ನುವ ಹೆಮ್ಮೆ ಮಾತ್ರ ಬೆಟ್ಟದಷ್ಟಿತ್ತು.

ಅವಳ ತಂಗಿಯ ಮಗಳು ಅದೇ ಕಾಲೇಜಿನಲ್ಲಿ ಸಾಹಿತ್ಯ ಓದುತ್ತಿದ್ದಳು. ಬಾಯಿಗೆ ಬಿಡುವೇ ಇಲ್ಲದ ಹುಡುಗಿ, ಹಾಗಾಗಿ ಮನೆಯಲ್ಲಿ ಎಲ್ಲರೂ ಕರೆಯುವುದು ಗಿಣಿ ಅಂತ. ಶನಿವಾರ ನಾಲ್ಕು ಕಾಲೇಜು ಸೇರಿ ನಡೆಸುವ ಸೆಮಿನಾರಿನಲ್ಲಿ ಗಿಣಿ ಪೇಪರ್ ಓದಬೇಕಿತ್ತು. ಗುರುವಾರ ಮಧ್ಯಾಹ್ನ ಮೆಟ್ಟಿಲ ಕೆಳಗೆ ನುಸುಳಿ, ಅಂಟಿನ ಡಬ್ಬಿ ಪಕ್ಕಕ್ಕೆ ಸರಿಸಿ, ಲೈಬ್ರರಿಯ ಒಂದು ಹಳೆ ಕಾದಂಬರಿಯನ್ನು ತೊಡೆ ಮೇಲಿಟ್ಟುಕೊಂಡು ಶುರು ಮಾಡಿಯೇ ಬಿಟ್ಟಳು.

"ದೊಡ್ಡಮ್ಮ, ನೀನು ಆಡಿಯನ್ಸು. ಮಧ್ಯ ಬಾಯಿ ಹಾಕ್ಬಾರ್ದು."

"ನಂಗೇನ್ ಅರ್ಥ ಆಗತ್ತೆ ಬಾಯಿ ಹಾಕೋಕೆ? ಓದ್ಕೋ."

ಗಿಣಿ ಓದಿದಳು. ಕಾದಂಬರಿಯಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಅತ್ತೆ ಸಾಯುತ್ತಾಳೆ. ಮುಂದಿನ ಪುಟದಲ್ಲೇ ಎದ್ದು ಬಂದು ಅಡುಗೆಗೆ ಉಪ್ಪಿಲ್ಲ ಅಂತ ಗದರುತ್ತಾಳೆ! ಹದಿನಾರು ಪುಟ ಮನೆ ತುಂಬ ಓಡಾಡಿ, ಹೇಗೆ ಬಂದಳೋ ಹಾಗೇ ಮಾಯ. ಆಮೇಲೆ ಸೊಸೆ ಬೇಕಂತಲೇ ಉಪ್ಪಿಲ್ಲದೆ ಅಡುಗೆ ಮಾಡುತ್ತಾಳೆ. ಅತ್ತೆ ಇಲ್ಲಿ ವ್ಯಕ್ತಿಯಲ್ಲ, ಸಾವಿಲ್ಲದ ಅಧಿಕಾರದ ಸಂಕೇತ. ಉಪ್ಪಿಲ್ಲದ ಅಡುಗೆ ಸೊಸೆಯ ಬಂಡಾಯದ ಸಂಕೇತ—

"ಸತ್ತೋಳು ಹೇಗೆ ಬರ್ತಾಳೆ?"

"ದೊಡ್ಡಮ್ಮ! ಅದೇ ಸಿಂಬಲ್ಲು! ಸಾಹಿತ್ಯದ ಮೇಷ್ಟ್ರು ಪ್ರತಿ ವರ್ಷ ಎರಡು ದಿನ ಇದೊಂದರ ಮೇಲೇ ಪಾಠ ಮಾಡ್ತಾರೆ. ಹತ್ತು ಮಾರ್ಕ್ಸಿನ ಪ್ರಶ್ನೆ ಗ್ಯಾರಂಟಿ. ಅತ್ತೆ ಸಾಯೋ ವಾಕ್ಯ ಕೂಡ ಅರ್ಧಕ್ಕೇ ನಿಂತುಬಿಡತ್ತೆ, ಕೇಳು. 'ಅತ್ತೆಯ ಉಸಿರು ನಿಂತಿತು. ಸೊಸೆ ಬಾಗಿಲ ಕಡೆ ನೋಡಿದಳು. ಅಲ್ಲಿ'. ಮುಗೀತು! ಒಡೆದ ಬದುಕಿಗೆ ಒಡೆದ ವಾಕ್ಯ ಅಂತಾರೆ ಮೇಷ್ಟ್ರು."

ದಬ್ಬಳದಮ್ಮನ ಕೈ ನಿಂತಿತು. "ಹದಿನಾರು ಪುಟ ಅಂದ್ಯಾ? ಸರಿಯಾಗಿ ಹದಿನಾರಾ? ಕೊಡಿಲ್ಲಿ."

ದೊಡ್ಡ ಹಾಳೆಯನ್ನು ಮಡಚಿದರೆ ಹದಿನಾರು ಪುಟದ ಒಂದು ಕಟ್ಟಾಗುತ್ತದೆ, ಅದಕ್ಕೆ ಫಾರಂ ಅನ್ನುತ್ತಾರೆ. ಇಂಥ ಫಾರಂಗಳನ್ನು ಸಾಲಾಗಿ ಹೊಲಿದರೆ ಪುಸ್ತಕ. ಅವಳು ಪುಸ್ತಕವನ್ನು ಬಾಗಿಸಿ ಬೆನ್ನಿನೊಳಗೆ ಕಣ್ಣು ತೂರಿಸಿದಳು. ಕೆಂಪು ದಾರ. ಲೈಬ್ರರಿ ಪುಸ್ತಕಕ್ಕೆ ಅವಳು ಹಾಕುವುದು ಬಿಳಿ ದಾರವೇ. ಕೆಂಪು ಹಾಕಿದ್ದು ಒಂದೇ ಒಂದು ದಿನ! ಪುಟಗಳ ಕೆಳಗಿನ ಅಂಚು ಕೊಳೆತಿದ್ದರಿಂದ ಅರ್ಧ ಬೆರಳಗಲ ಕತ್ತರಿಸಿ ತೆಗೆದಿದ್ದಳು, ಪುಟದ ನಂಬರೆಲ್ಲ ಕಸಕ್ಕೆ ಹೋಗಿದ್ದವು. ಹೊಲಿಯಲು ಕೂರುವಷ್ಟರಲ್ಲಿ ಆಫೀಸಿನ ಫೋನಿಗೆ ಸುದ್ದಿ ಬಂತು, ತಂಗಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಆಸ್ಪತ್ರೆಗೆ ಓಡಿ, ಸಂಜೆ ವಾಪಸು ಬಂದು, ನೆಲದ ಮೇಲೆ ಬಿದ್ದಿದ್ದ ಫಾರಂಗಳನ್ನು ಬಾಚಿ, ನಗುನಗುತ್ತಾ ಹೊಲಿದುಬಿಟ್ಟಿದ್ದಳು.

"ಅಯ್ಯೋ ನನ್ನ ಕರ್ಮವೇ," ಅಂದಳು. "ಅತ್ತೆ ಎದ್ದು ಬಂದಿಲ್ಲ ಕಣೇ. ಒಂಬತ್ತನೇ ಫಾರಂನ ಹತ್ತು ಆದ್ಮೇಲೆ ಹಾಕ್ಬಿಟ್ಟಿದೀನಿ. ಬದುಕಿದ್ದಾಗ ಬೈದಿದ್ದು ಸತ್ತ ಮೇಲೆ ಬಂದು ಕೂತಿದೆ."

ಗಿಣಿ ಪೇಪರಿನ ಹಾಳೆಗಳನ್ನು ಮುಖಕ್ಕೆ ಮುಚ್ಚಿಕೊಂಡಳು. ಊರಿನಲ್ಲಿರುವುದು ಇದೊಂದೇ ಪ್ರತಿ, ಹತ್ತೊಂಬತ್ತು ವರ್ಷದಿಂದ ಎಲ್ಲರೂ ಓದಿದ್ದು ಇದರದ್ದೇ ಜೆರಾಕ್ಸು. ಆದರೆ ಪಕ್ಕದೂರಿನ ಒಬ್ಬ ಮೇಡಂ ಎಲ್ಲಿಂದಲೋ ಇನ್ನೊಂದು ಪ್ರತಿ ಹುಡುಕಿ ಹೊಸದಾಗಿ ಅಚ್ಚು ಹಾಕಿಸುತ್ತಿದ್ದರು, ಮತ್ತು ಶನಿವಾರದ ಸೆಮಿನಾರಿಗೆ ಅಧ್ಯಕ್ಷೆ ಅದೇ ಮೇಡಂ!

"ತುಂಬಿದ ಸಭೇಲಿ ನನ್ನ ಮಾನ ಹೋಗತ್ತೆ, ದೊಡ್ಡಮ್ಮ."

ಈಗ ದಬ್ಬಳದಮ್ಮನಿಗೆ ಇಕ್ಕಟ್ಟು. ಬಾಯಿ ಮುಚ್ಚಿಕೊಂಡಿದ್ದರೆ ಹುಡುಗಿಯ ಮಾನ ಹೋಗುತ್ತದೆ, ಬಾಯಿ ಬಿಟ್ಟರೆ ತನ್ನ ಇಪ್ಪತ್ತಾರು ವರ್ಷದ ಹೆಸರು. ಅವಳು ದಾರದ ಉಂಡೆ ಪಕ್ಕಕ್ಕಿಟ್ಟಳು. ಆಮೇಲೆ ಸೆರಗು ಸಿಕ್ಕಿಸಿ ಎದ್ದಳು, ಹಣೆಗೆ ಮೆಟ್ಟಿಲು ಬಡಿಯಿತು, ಅದಕ್ಕೂ ಬೈದು ಸ್ಟಾಫ್ ರೂಮಿಗೆ ನಡೆದಳು.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು ನಕ್ಕರು! "ಅಮ್ಮಾ, ಇದು ಸಾಹಿತ್ಯ. ಸತ್ತವರು ಬರಬಹುದು."

"ಬರ್ಲಿ ಸಾರ್. ಇಲ್ಲಿ ಬಂದಿಲ್ಲ. ನಾನು ತಂದಿದೀನಿ."

"ಇರಬಹುದು. ಆದ್ರೆ ನೀವು ಆ ಫಾರಂನೇ ಯಾಕೆ ಅಲ್ಲಿ ಇಟ್ರಿ? ನಿಮ್ಮ ಒಳಮನಸ್ಸಿನಲ್ಲೂ ಆ ಅತ್ತೆ ಸತ್ತಿರ್ಲಿಲ್ಲ ಅನ್ಸತ್ತೆ ನೋಡಿ."

"ಸಾರ್, ನನ್ನ ಅತ್ತೆ ಚೆನ್ನಾಗಿದಾರೆ. ಇವತ್ತು ಬೆಳಿಗ್ಗೆ ಕೂಡ ಬೈದ್ರು."

"ಹಾಗಲ್ಲಮ್ಮ, ಕೃತಿ ಓದುಗರ ಕೈಗೆ ಬಂದ ಮೇಲೆ—"

ದಬ್ಬಳದಮ್ಮನ ತಾಳ್ಮೆಯ ದಾರ ಅಲ್ಲಿಗೆ ಕಿತ್ತುಹೋಯಿತು. ಪುಸ್ತಕವನ್ನು ಅವರ ಮೇಜಿನ ಮೇಲೇ ಮಲಗಿಸಿ, ಸೊಂಟದಲ್ಲಿದ್ದ ಚಾಕು ತೆಗೆದು ಕೆಂಪು ದಾರವನ್ನು ಪರಪರ ಕೊಯ್ದಳು. ಮೇಷ್ಟ್ರು ಅಯ್ಯಯ್ಯೋ ಅನ್ನುವಷ್ಟರಲ್ಲಿ ಒಂಬತ್ತನ್ನು ಎತ್ತಿ ಹತ್ತಕ್ಕಿಂತ ಮೊದಲು ಹಾಕಿ, ಹತ್ತಕ್ಕೆ ಹನ್ನೊಂದನ್ನು ಜೋಡಿಸಿ ಅವರ ಮುಖಕ್ಕೆ ಹಿಡಿದಳು.

"ಓದಿ ಸಾರ್. ಗಟ್ಟಿಯಾಗಿ."

ಮೇಷ್ಟ್ರು ಓದಿದರು. "ಅತ್ತೆಯ ಉಸಿರು ನಿಂತಿತು. ಸೊಸೆ ಬಾಗಿಲ ಕಡೆ ನೋಡಿದಳು. ಅಲ್ಲಿ..." ಪುಟ ದಾಟಿದರು. "...ಅತ್ತೆಯ ಚಪ್ಪಲಿ ಹಾಗೇ ಇದ್ದವು."

ಮುಂದೆಯೂ ಓದಿದರು, ಯಾರೂ ಕೇಳದಿದ್ದರೂ. ಸೊಸೆ ಎರಡು ದಿನ ಉಪ್ಪು ಹಾಕದೆ ಅಡುಗೆ ಮಾಡಿ, ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಾಳೆ. ಯಾರೂ ಬೈಯುವುದಿಲ್ಲ.

ಗಿಣಿ ಬಾಗಿಲಲ್ಲೇ ನಿಂತು ಮೆಲ್ಲಗೆ ಅಂದಳು, "ಅದು ಬಂಡಾಯ ಅಲ್ಲ ಸಾರ್. ಕಾಯ್ತಾ ಇದಾಳೆ. ಬೈಸ್ಕೊಳ್ಳೋಕೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಹತ್ತೊಂಬತ್ತು ವರ್ಷ ಹತ್ತತ್ತು ಮಾರ್ಕ್ಸ್ ಕೊಟ್ಟಿದೀನಲ್ಲಮ್ಮ ನಾನು."

"ಕೊಟ್ಟಿದ್ದು ಕೊಟ್ಟಾಯ್ತು. ಈಗ ವಾಪಸ್ ಕಿತ್ಕೊಳ್ಳೋಕೆ ಹೋಗ್ಬೇಡಿ ಮತ್ತೆ."

ಶನಿವಾರ ಸಭಾಂಗಣ ಕಿಕ್ಕಿರಿದಿತ್ತು. ಗಿಣಿ ಒಂದೂವರೆ ದಿನದಲ್ಲಿ ಇಡೀ ಪೇಪರ್ ಹೊಸದಾಗಿ ಬರೆದಿದ್ದಳು, ಉಪ್ಪಿನ ಬಗ್ಗೆ, ಚಪ್ಪಲಿಯ ಬಗ್ಗೆ, ಬೈಯುವವರಿಲ್ಲದ ಮನೆಯ ಬಗ್ಗೆ. ತಪ್ಪು ಹೊಲಿಗೆಯ ಮಾತು ಎತ್ತಬೇಡ ಅಂತ ಮೇಷ್ಟ್ರು ಹೇಳಿದ್ದರು. ದಬ್ಬಳದಮ್ಮ ಮಾತ್ರ, "ಹೇಳು. ನಾಳೆ ಆ ಜೆರಾಕ್ಸ್ ಹಿಡ್ಕೊಂಡು ಇನ್ಯಾರೋ ಇದೇ ಹಳ್ಳಕ್ಕೆ ಬೀಳ್ತಾರೆ," ಅಂದಿದ್ದಳು. ಗಿಣಿ ಹೇಳಿದಳು. ಸಭೆಯೆಲ್ಲ ಗೊಳ್ ಅಂತ ನಕ್ಕಿತು, ಹಿಂದಿನ ಸಾಲಿನಲ್ಲಿ ಕೂತಿದ್ದ ದಬ್ಬಳದಮ್ಮನ ಕಿವಿ ಕೆಂಪಾಯಿತು. ಆದರೆ ಗಿಣಿ ಉಪ್ಪಿಲ್ಲದ ತಟ್ಟೆಯ ಭಾಗಕ್ಕೆ ಬಂದಾಗ ಕೆಮ್ಮುವವರೂ ಕೆಮ್ಮಲಿಲ್ಲ! ಅಧ್ಯಕ್ಷೆ ಮೇಡಂ ಕೊನೆಗೆ, "ಈ ಪೇಪರ್ ನನ್ನ ಪುಸ್ತಕಕ್ಕೆ ಹಿನ್ನುಡಿಯಾಗಿ ಬೇಕು," ಅಂದರು.

ಎಲ್ಲ ಮುಗಿದು ಹೊರಬರುವಾಗ ಮೇಷ್ಟ್ರು ದಬ್ಬಳದಮ್ಮನ ಹಿಂದೆ ಹಿಂದೆಯೇ ಬಂದರು.

"ಅಮ್ಮಾ, ಒಂದೇ ಒಂದು ಪ್ರಶ್ನೆ. ಬೇರೆಲ್ಲ ಪುಸ್ತಕಕ್ಕೂ ಬಿಳಿ ದಾರ, ಅದೊಂದಕ್ಕೆ ಕೆಂಪು. ಅದರಲ್ಲೇನೋ ಅರ್ಥ ಇರಬೇಕಲ್ವಾ?"

"ದೇವ್ರೇ!" ದಬ್ಬಳದಮ್ಮ ಹಣೆ ಚಚ್ಚಿಕೊಂಡಳು. "ಬಿಳಿ ದಾರ ಖಾಲಿಯಾಗಿತ್ತು ಸಾರ್. ಅಷ್ಟೇ. ದಾರ ಅಂದ್ರೆ ದಾರ."

ಮೇಷ್ಟ್ರು ಒಪ್ಪದ ಮುಖ ಮಾಡಿಕೊಂಡು ಹೋದರು. ಗಿಣಿ ಪಕ್ಕಕ್ಕೆ ಬಂದು ತೋಳು ಹಿಡಿದಳು.

"ನಿಜವಾಗ್ಲೂ ಖಾಲಿಯಾಗಿತ್ತಾ ದೊಡ್ಡಮ್ಮ, ನಾನು ಹುಟ್ಟಿದ ದಿನ?"

"ನಡಿ ನಡಿ, ಬಾಯಿ ಮುಚ್ಕೊಂಡು," ಅಂದಳು ದಬ್ಬಳದಮ್ಮ, ಸೂಜಿ ಇಲ್ಲದ ಬೆರಳು ಆಡಿಸುತ್ತಾ. ಗಿಣಿ ಹುಟ್ಟಿದ ಆ ದಿನ ಶೆಲ್ಫಿನ ಮೇಲೆ ಬಿಳಿ ದಾರದ ಉಂಡೆ ಮೂರಿದ್ದವು.