ಹತ್ತದ ದೋಣಿಯ ಮೇಲೊಂದು ಉಪನ್ಯಾಸ

ಈಜು ಬಾರದವಳು, ತುಂಬಿದ ಕೆರೆ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುವವಳು, ಹಾಯಿದೋಣಿಗಳ ಬಗ್ಗೆ ಒಂದೂವರೆ ತಾಸು ಮಾತಾಡಬಲ್ಲೆ ಎಂದರೆ ನೀವು ನಂಬಲಿಕ್ಕಿಲ್ಲ. ಮಾತಾಡಿದ್ದೇನೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ತಪ್ಪು ಮೊಬೈಲಿನದು ಎಂದು ಹೇಳಿ ಪಾರಾಗಬಹುದಿತ್ತು. ನಾನು ಕಲಬುರಗಿಯವಳು. ಬ್ಯಾಂಕಿನ ವರ್ಗಾವಣೆ ನನ್ನನ್ನು ನಾಶಿಕಕ್ಕೆ ತಂದು ಹಾಕಿತ್ತು. ಸಂಜೆ ಎರಡು ರೊಟ್ಟಿ ಬಡಿದುಕೊಂಡು ಕೂತರೆ ಮಾತಿಗೆ ಜನರಿಲ್ಲ. ಅಡುಗೆಯ ವಿಡಿಯೊ ನೋಡುತ್ತಿದ್ದವಳಿಗೆ, ದೋಣಿಯಲ್ಲೇ ಅಡುಗೆ ಮಾಡಿಕೊಂಡು ಸಮುದ್ರ ಸುತ್ತುವ ಗಂಡಹೆಂಡಿರ ವಿಡಿಯೊ ಅದು ಹೇಗೋ ಎದುರಾಯಿತು. ಮೊದಲು ಅಷ್ಟು ಅಲುಗಾಟದಲ್ಲಿ ಅನ್ನ ಹೇಗೆ ಮಾಡುತ್ತಾರೆಂದು ನೋಡಿದೆ. ಆಮೇಲೆ ಒಲೆ ಬಿಟ್ಟು ಹಾಯಿ, ಕಂಬ, ತಳ ನೋಡತೊಡಗಿದೆ. ಆರು ತಿಂಗಳಲ್ಲಿ ಪಂಡಿತೆಯಾದೆ.

ಕೇಳಿ ಬೇಕಾದರೆ. ಹಳೆಯ ಕಾಲದ ಪ್ರವಾಸದ ಹಾಯಿದೋಣಿ ಮರದ್ದು, ಸಪೂರ ಮೈಯದು, ತೂಕ ಮಾತ್ರ ಭಾರಿ. ತಳದ ಉದ್ದಕ್ಕೂ ಭಾರದ ದಿಂಡು ಇಳಿದಿರುತ್ತದೆ. ನೀರಿಗೆ ಹತ್ತಿರ ತಗ್ಗಾಗಿ ಕೂರುತ್ತದೆ. ತಿರುಗು ಎಂದರೆ ಯೋಚನೆ ಮಾಡಿ ತಿರುಗುತ್ತದೆ. ಒಳಗೆ ಇಬ್ಬರು ಮಲಗಿದರೆ ಮೂರನೆಯವರಿಗೆ ಕೆಮ್ಮಲೂ ಜಾಗವಿಲ್ಲ. ಹೊಸ ಮಾದರಿಯದು ಫೈಬರಿನದು, ಹಗುರ, ಹಿಂಭಾಗ ಅಗಲ, ಪಕ್ಕದ ಗೋಡೆ ಎತ್ತರ. ಅಡಿಯಲ್ಲಿ ಉದ್ದ ದಿಂಡಿನ ಬದಲು ಒಂದು ಗಿಡ್ಡ ರೆಕ್ಕೆ. ಗಾಳಿ ಸುಳಿದರೆ ಸಾಕು, ಓಡುತ್ತದೆ. ಒಳಗೆ ಎದ್ದು ನಿಂತು ಸೀರೆ ಉಡಬಹುದು. ಈ ಸೀರೆಯ ಮಾತು ನನ್ನದೇ. ವಿಡಿಯೊದವರು ಯಾರೂ ಸೀರೆ ಉಟ್ಟಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಕೆಳಗಿನ ಮನೆಯಲ್ಲಿ ವೀರಣ್ಣ ಕಾಕಾ ಇದ್ದರು. ಭಾಲ್ಕಿ ಕಡೆಯವರು, ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿ ನಿವೃತ್ತರಾದವರು. ಅವರ ಬಳಿ ನಿಜವಾದ ಹಳೆಯ ಮರದ ಹಾಯಿದೋಣಿಯೊಂದಿತ್ತು. ಅದನ್ನು ಗಂಗಾಪುರ ಧರಣದ, ಅಂದರೆ ಅಣೆಕಟ್ಟಿನ, ಹಿನ್ನೀರಿನಲ್ಲಿ ಕಟ್ಟಿದ್ದರು. ಪ್ರತಿ ರವಿವಾರ ಅವರ ಹೆಂಡತಿ ಗಂಗಮ್ಮ ಕಾಕು ಬುತ್ತಿ ಕಟ್ಟುತ್ತಿದ್ದರು, ಇಬ್ಬರೂ ಹೋಗಿ ಸಂಜೆಯವರೆಗೆ ನೀರಿನ ಮೇಲೆ ಕಳೆದು ಬರುತ್ತಿದ್ದರು. ನನ್ನನ್ನೂ ಎಷ್ಟೋ ಸಲ ಕರೆದರು. ನಾನು ಒಮ್ಮೆಯೂ ಹೋಗಲಿಲ್ಲ. ಮನೆಯಲ್ಲಿ ದೋಣಿಯ ವಿಡಿಯೊ ನೋಡುವುದಿರುತ್ತಿತ್ತು.

ಮುಂಬೈಯ ಒಬ್ಬರಿಗೆ ಹಳೆಯ ಮರದ ದೋಣಿಯ ಮೋಹ. ತಮ್ಮ ಹೊಸ ಮಾದರಿಯದನ್ನು ಕೊಟ್ಟು ಇದನ್ನು ಒಯ್ಯುತ್ತೇನೆ ಎಂದರು. ಕಾಕಾ ನನ್ನ ಹತ್ತಿರ ಬಂದು ಕೇಳಿದರು: “ಮೇಡಂ, ನೀವು ಭಾಳ ತಿಳ್ಕೊಂಡೀರಿ. ಬದಲ ಮಾಡಲೋ ಬ್ಯಾಡೋ ಹೇಳ್ರಿ.”

ನಮ್ಮ ಕಡೆ ಒಂದು ರೋಗವಿದೆ. ದಾರಿ ಕೇಳಿದವರಿಗೆ ಗೊತ್ತಿಲ್ಲ ಎಂದು ಹೇಳಿ ಕಳಿಸುವುದಿಲ್ಲ. ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಿದಷ್ಟೇ ಅವಮಾನ ಅದು. ಕೈ ಮಾಡಿ ಯಾವುದಾದರೊಂದು ಕಡೆ ತೋರಿಸುತ್ತೇವೆ. ಹಿರಿಯರು ತಾವಾಗಿ ಕೇಳಲು ಬಂದಿದ್ದಾರೆ, ಮೇಲಾಗಿ ನಾನು ಆಫೀಸರ್. ಒಂದೂವರೆ ತಾಸು ಹೇಳಿದೆ. ಕೊನೆಗೆ, ಹಳೆಯದನ್ನು ಕಣ್ಣು ಮುಚ್ಚಿ ಕೊಟ್ಟುಬಿಡ್ರಿ ಎಂದೆ. ಕಾಕು ಚಹಾ ತಂದಿಟ್ಟು ಹೋದರು. ಅವರ ಕಡೆ ನೋಡಿದ ನೆನಪೂ ನನಗಿಲ್ಲ.

ಅಷ್ಟರಲ್ಲಿ ನನಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಅಲ್ಲಿಯ ಚಿಕಲಠಾಣಾ ಬಡಾವಣೆಯಲ್ಲಿ ಮನೆ ಮಾಡಿದೆ. ಹೊಸ ದೋಣಿಯ ಪೂಜೆಯ ಫೋಟೊ ಮೊಬೈಲಿಗೆ ಬಂತು. ದೋಣಿಯ ಮೂತಿಗೆ ವಿಭೂತಿ, ಮಾಲೆ. ಒಳಗೆ ಕಾಕಾ ಮತ್ತು ಗೆಳೆಯರು. ನಾನು ಫೋಟೊ ದೊಡ್ಡದು ಮಾಡಿ ಹಾಯಿಯ ಹೊಲಿಗೆ ನೋಡಿದೆ, ಹಗ್ಗ ನೋಡಿದೆ, ಭೇಷ್ ಎಂದು ಬರೆದೆ. ಆರತಿ ತಟ್ಟೆ ಹಿಡಿದ ಕಾಕು ದಂಡೆಯ ಮೇಲೆ ನಿಂತಿದ್ದರು. ಅದೂ ಫೋಟೊದಲ್ಲೇ ಇತ್ತು.

ಹೋದ ತಿಂಗಳು ನಾಶಿಕಕ್ಕೆ ಹೋದಾಗ ರವಿವಾರ ಕಾಕಾ ಕರೆದರು. ಇಲ್ಲ ಎನ್ನಲು ಮುಖವಿರಲಿಲ್ಲ. ಬುತ್ತಿ ಒಂದೇ ಡಬ್ಬಿಯದು. ಕಾಕು ಬರುವುದಿಲ್ಲವೇ ಎಂದೆ. ಅವಳಿಗೆ ನೀರಂದ್ರ ಬ್ಯಾಸರಾಗೇದ ಅಂತಾಳ, ಹೊಸಾದು ಬಂದಾಗಿಂದ ಒಂದ್ಸಲನೂ ಬಂದಿಲ್ಲ ಎಂದರು. ಬಹಳ ತಣ್ಣಗೆ ಹೇಳಿದರು.

ಧರಣದಲ್ಲಿ ತೇಲುವ ಕಟ್ಟೆಗೆ ದೋಣಿ ಕಟ್ಟಿತ್ತು. ಪಕ್ಕದ ಗೋಡೆ ನನ್ನ ಎದೆಯವರೆಗೆ ಬರುತ್ತಿತ್ತು. ಮೂರು ಮೆಟ್ಟಿಲಿನ ಸಣ್ಣ ನಿಚ್ಚಣಿಕೆ ಮೇಲಿನಿಂದ ಜೋತುಬಿದ್ದಿತ್ತು. ಅದರ ಮೊದಲ ಮೆಟ್ಟಿಲೇ ನನ್ನ ಮೊಣಕಾಲಿಗಿಂತ ಮೇಲೆ. ಸೀರೆ ಎತ್ತಿ ಸಿಕ್ಕಿಸಿ ಒಂದು ಸಲ ಪ್ರಯತ್ನಿಸಿದೆ, ಎರಡು ಸಲ ಪ್ರಯತ್ನಿಸಿದೆ. ಮೂರನೇ ಸಲ ಒಂದು ಕಾಲು ಮೇಲೆ, ಒಂದು ಕಾಲು ಗಾಳಿಯಲ್ಲಿ, ಒಣಹಾಕಿದ ಕೌದಿಯ ಹಾಗೆ ಗೋಡೆಗೆ ಜೋತುಬಿದ್ದೆ. ಕಟ್ಟೆಯ ಮೇಲಿದ್ದ ಇಬ್ಬರು ಹಿಡಿದು ಇಳಿಸಿದರು. ಎತ್ತರದ ಗೋಡೆಯಿಂದ ಒಳಗೆ ಜಾಗ ಹೆಚ್ಚು ಎಂದು ಹೊಗಳಿದವಳು ನಾನೇ. ನನ್ನದು ಇನ್ನೂ ಗಟ್ಟಿ ಮೊಣಕಾಲು. ಕಾಕು ಮೇಲಿನ ನನ್ನ ಮನೆಗೆ ಬರುವಾಗ ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ಬಿಡುತ್ತಿದ್ದದ್ದು ಆಗ ಕಿವಿಗೆ ಬಂತು. ನಾಚಿಕೆಯಿಂದ ದೋಣಿ ಹತ್ತುವ ಮಾತೇ ಬಿಟ್ಟೆ.

ಕಾಕಾನ ಮನೆಗೆ ಬಂದು ಇಬ್ಬರ ಮುಂದೆಯೂ ಹೇಳಿಕೊಂಡೆ. ನಾನು ಜೀವಮಾನದಲ್ಲಿ ದೋಣಿ ಹತ್ತಿದವಳಲ್ಲ, ಹೇಳಿದ್ದೆಲ್ಲ ಮೊಬೈಲಿನಲ್ಲಿ ನೋಡಿದ್ದು, ಗೊತ್ತಿಲ್ಲ ಎನ್ನಬೇಕಿತ್ತು ಎಂದೆ.

ಕಾಕಾ ತಲೆ ಎತ್ತಲಿಲ್ಲ. “ನಿಮಗ ಗೊತ್ತಿಲ್ಲಂತ ನನಗ ಗೊತ್ತಿತ್ರಿ ಮೇಡಂ. ಹೊಸಾದರ ಮ್ಯಾಲೆ ನನಗೇ ಮನಸಾಗಿತ್ತು. ಹೂಂ ಅನ್ನೋರು ಒಬ್ಬರು ಬೇಕಾಗಿತ್ತು.”

ನನ್ನ ನಾಚಿಕೆಗೆ ಜೊತೆ ಸಿಕ್ಕಿತು, ಕಡಿಮೆಯಾಗಲಿಲ್ಲ. ಕಾಕುವಿನ ಕಡೆ ತಿರುಗಿ, ನಿಮಗೆ ಎಂಥ ದೋಣಿ ಬೇಕಿತ್ತು ಎಂದು ಕೇಳಿದೆ. ಕೇಳಿದ ಮೇಲೆ ಹೊಳೆಯಿತು, ಇದನ್ನು ಅವರಿಗೆ ಯಾರೂ ಕೇಳಿಯೇ ಇರಲಿಲ್ಲ.

“ನನಗ ಯಾವುದಾದ್ರೂ ನಡೀತದ ತಂಗಿ,” ಎಂದರು ಕಾಕು. “ನೀರಿನ ಬ್ಯಾಸರ ಎಲ್ಲಿದು. ಮಂದಿ ಮುಂದ ಜೋತುಬೀಳೋದು ಬ್ಯಾಡಂತ ಹಂಗಂದೆ. ಹತ್ತಲಿಕ್ಕ ಒಂದು ಪಾವಟಗಿ ಇದ್ದರ ಸಾಕಾಗಿತ್ತು.”

ಪಾವಟಗಿ ಎಂದರೆ ಮೆಟ್ಟಿಲು. ಇಡೀ ನೌಕರಿಯುದ್ದಕ್ಕೂ ವಿಮಾನದ ಪಕ್ಕದಲ್ಲಿ ಮೆಟ್ಟಿಲಿಟ್ಟುಕೊಂಡು ಹತ್ತಿ ಇಳಿದ ಮನುಷ್ಯ ಎದ್ದರು. ಅಳತೆ ಟೇಪು ತಂದು ಹೆಂಡತಿಯ ಮುಂದೆ ನೆಲಕ್ಕೆ ಕೂತರು. ನೋವಾಗದ ಹಾಗೆ ಎಷ್ಟಾಗುತ್ತದೋ ಅಷ್ಟೇ ಕಾಲೆತ್ತು ಎಂದರು. ಕಾಕು ಗೋಡೆ ಹಿಡಿದುಕೊಂಡು ಪಾದ ಎತ್ತಿದರು. ಕಾಕಾ ಕನ್ನಡಕ ಮರೆತಿದ್ದರು, ನನ್ನನ್ನು ಓದಲು ಹೇಳಿದರು.

ನಾನು ನಿಂತಲ್ಲಿಂದಲೇ ಏಳು ಇಂಚು ಎಂದೆ.

“ನೋಡಿ ಹೇಳ್ರಿ,” ಎಂದರು ಕಾಕಾ.

ಕೆಳಗೆ ಕೂತು, ಕಾಕುವಿನ ಹಿಮ್ಮಡಿಯ ಹತ್ತಿರ ಮುಖ ತಂದು ನೋಡಿದೆ. ಆರೂವರೆ ಇತ್ತು.