ಎರಡೇ ಬಾಗಿಲಿನ ಕಾರು ಮಾರಿದ ದಿನ

ಆ ದಿನವೂ ಐದೂವರೆಗೆ ಎದ್ದು ಅಂಗಳಕ್ಕೆ ನೀರು ಹಾಕಿ, ಒಂದು ಚಿಕ್ಕ ರಂಗೋಲಿ ಬಿಟ್ಟು, ಹಾಲು ಒಲೆಯ ಮೇಲಿಟ್ಟೆ. ರೊಟ್ಟಿ ಹಿಟ್ಟಿಗೆ ನೀರು ಕಾಯುವಷ್ಟರಲ್ಲಿ ಹೊರಗೆ ನಮ್ಮ ಮನೆಯವರು ಕಾರು ಒರೆಸುವ ಸದ್ದು ಕೇಳಿಸಿತು. ಒದ್ದೆ ಬಟ್ಟೆ ಗಾಜಿನ ಮೇಲಾದರೆ ಕೀಚು ಎನ್ನುತ್ತದೆ, ಬಣ್ಣದ ಮೇಲೆ ಎನ್ನುವುದಿಲ್ಲ. ಚಕ್ರದ ಸಂದಿಗೆ ಹಲ್ಲುಜ್ಜುವ ಹಳೆ ಬ್ರಷ್ಷು ಹಾಕಿ ತಿಕ್ಕುತ್ತಿದ್ದರು. ಹನ್ನೊಂದಕ್ಕೆ ಜಗಳೂರಿನಿಂದ ಕೊಳ್ಳುವವರು ಬರುವುದಿತ್ತು.

ಅದು ಅಮೆರಿಕದ ಕಾರು. ಮಸಲ್ ಕಾರ್ ಎನ್ನುತ್ತಾರೆ. ಉದ್ದನೆಯ ಮೂತಿ, ಎರಡೇ ಬಾಗಿಲು. ಚನ್ನಗಿರಿಯಲ್ಲಿ ಜೆಸಿಬಿ, ಟಿಪ್ಪರ್ ಬಾಡಿಗೆಗೆ ಬಿಡುವ ನಮ್ಮ ಮನೆಯವರು ಅದನ್ನು ತಂದು ಸೈಲೆನ್ಸರ್ ಬದಲಿಸಿ, ಅಗಲದ ಟೈರು ಹಾಕಿಸಿ, ನೆಲಕ್ಕೆ ಮುತ್ತಿಡುವ ಹಾಗೆ ತಗ್ಗಿಸಿದ್ದರು. ಎರಡೂವರೆ ವರ್ಷದಲ್ಲಿ ಓಡಿದ್ದು ನಾಲ್ಕೇ ಸಾವಿರ ಕಿಲೋಮೀಟರ್. ನಮ್ಮ ಕಡೆ ರಸ್ತೆಗೆ ಅಡ್ಡಲಾಗಿ ಊರಿಗೆ ಎರಡು ಹಂಪು ಇರುತ್ತವೆ, ಪಂಚಾಯ್ತಿಯವರು ಹಾಕದಿದ್ದರೆ ಊರವರೇ ಮಣ್ಣು ಸುರಿದು ಕಟ್ಟುತ್ತಾರೆ. ಪ್ರತಿ ಹಂಪಿನಲ್ಲೂ ಹೊಟ್ಟೆ ಉಜ್ಜುತ್ತಿತ್ತು. ಉಜ್ಜಿದಾಗೆಲ್ಲ ಇವರು ಇಳಿದು ಆ ಊರಿನವರ ಮೇಲೆ ಕೂಗಾಡುತ್ತಿದ್ದರು.

ಮನೆಯಲ್ಲಿ ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಆ ಸೀಟಿನಲ್ಲಿ ಕೂತರೆ ಮಾತ್ರ ಬೇರೆಯೇ ಮನುಷ್ಯ. ಹಿಂದಿನ ಬೇಸಿಗೆಯಲ್ಲಿ ನ್ಯಾಮತಿ ದಾರಿಯಲ್ಲಿ, ಪಕ್ಕಕ್ಕೆ ಸರಿಯಲಿಲ್ಲವೆಂದು ಒಬ್ಬ ಸ್ಕೂಟರಿನವನನ್ನು ಅಡ್ಡಗಟ್ಟಿ, ಅವನ ಕಿವಿಯ ಮೇಲೆ ಮೂರು ಸಲ ಹೊಡೆದರು. ನನ್ನ ಕರ್ಚೀಫಿನಿಂದ ಒರೆಸಿದಾಗ ಕಿವಿಯೊಳಗಿಂದ ಸಣ್ಣಗೆ, ತೆಳ್ಳಗೆ ರಕ್ತ ಬರುತ್ತಿತ್ತು. ಅವನು ನನಗೆ, "ಪರವಾಗಿಲ್ಲ ಬಿಡ್ರಿ ಮೇಡಂ" ಎಂದ. ಆ ಕಿವಿ ಈಗಲೂ ಕೇಳುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವತ್ತಿನಿಂದ ನಾನು ಹಿಡಿದದ್ದು ಒಂದೇ ಮಾತು, ಈ ಕಾರು ಮನೆಯಿಂದ ಹೋಗಬೇಕು. ಇಲ್ಲದಿದ್ದರೆ ಇವರು ಒಬ್ಬರನ್ನು ಕೊಲ್ಲುತ್ತಾರೆ, ಅಥವಾ ಇವರನ್ನು ಯಾರಾದರೂ ಕೊಲ್ಲುತ್ತಾರೆ.

ಜಗಳೂರಿನವರು ಗಂಡ ಹೆಂಡತಿ ಬಂದರು. ಆತ ಕರೆಂಟಿನ ಗಾಳಿಯಂತ್ರ ನೆಡುವ ಕಂಪನಿಗೆ ಕ್ರೇನು ಬಾಡಿಗೆ ಕೊಡುವವನು, ಮೂವತ್ತು ಮೂವತ್ತೆರಡರ ಪ್ರಾಯ. ಮೀಟರಿಗೆ ಮುಖ ಹಚ್ಚಿ ನೋಡಿ, "ಹಿಂದಕ್ಕೆ ತಿರುಗಿಸಿಲ್ಲ ತಾನೇ ಅಣ್ಣಾರೇ?" ಎಂದ.

"ನಿಮ್ಮಪ್ಪನಾಣೆ ತಿರುಗಿಸಿಲ್ಲ" ಎಂದರು ಇವರು.

"ನಿಮ್ಮಪ್ಪನ ಆಣೆ ಹಾಕ್ರಿ, ನಮ್ಮಪ್ಪ ಯಾಕೆ?" ಎಂದು ಆತ ನಕ್ಕ. ನಾನು ಇವರ ಕೈ ನೋಡಿದೆ. ಬೆರಳು ಮಡಿಚಿ, ಬಿಚ್ಚಿಕೊಂಡವು.

ಓಡಿಸಿ ನೋಡಬೇಕೆಂದ. ಅವನ ಹೆಂಡತಿಯೂ ಹೊರಟಿದ್ದರಿಂದ ಜೊತೆಗೆ ನಾನೂ ಹೋಗಬೇಕಾಯಿತು. ಮುಂದಿನ ಸೀಟು ಮಡಚಿ, ಮಂಡಿ ಎದೆಗೆ ತಾಗಿಸಿಕೊಂಡು ನಾವಿಬ್ಬರು ಹಿಂದೆ ತೂರಿದೆವು. ಆತನ ಕೈಯಲ್ಲಿ ಕಾರು ಬಸವಾಪಟ್ಟಣ ದಾಟಿತು. ಹೊನ್ನಾಳಿ ದಾರಿ ನೇರವಾಗುತ್ತಲೇ ಇವರು, "ಈಗ ತುಳೀರಿ" ಎಂದರು. ಸೀಟು ನನ್ನ ಬೆನ್ನಿಗೆ ಗುದ್ದಿತು.

ಮೆಕ್ಕೆಜೋಳದ ಕಾಲ. ಅರ್ಧ ರಸ್ತೆಯ ಮೇಲೆ ಜೋಳ ಒಣಹಾಕಿ, ಅಂಚಿಗೆ ತಲೆಗಾತ್ರದ ಕಲ್ಲು ಸಾಲಿಟ್ಟಿದ್ದರು. ಎಲ್ಲರಿಗೂ ಗೊತ್ತಿರುವ ಪದ್ಧತಿ, ನಿಧಾನ ಮಾಡಿ ಉಳಿದರ್ಧದಲ್ಲಿ ಹೋಗುತ್ತೇವೆ. ಆದರೆ ಎದುರಿಗೆ ಬಸ್ಸು ಬಂತು, ಆತ ಬ್ರೇಕಿನ ಬದಲು ಸ್ಟೇರಿಂಗ್ ತಿರುಗಿಸಿದ. ಕಾರು ಕಲ್ಲು ಹತ್ತಿ ಜೋಳದ ನಡುವೆ ನುಗ್ಗಿತು. ಕಾಲಡಿಯಲ್ಲಿ ತಗಡು ಸೀಳಿದ ಸದ್ದು. ಕಾಳು ಎರಡೂ ಕಡೆ ಚಿಮ್ಮಿ ಚರಂಡಿಗೆ ಬಿತ್ತು.

ಕಾರು ನಿಂತಾಗ ಜೋಳ ಕಾಯುತ್ತಿದ್ದ ಹೆಂಗಸು ಎದುರಿಗೇ ಇದ್ದಳು. ಹಳೆ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದಳು. ಕಾಳು ಎಳೆಯುವ ಮರದ ಹಲಗೆ ಎತ್ತಿ ಬಾನೆಟ್ಟಿಗೆ ಬಾರಿಸಿದಳು. ಮತ್ತೊಮ್ಮೆ ಬಾರಿಸುವಷ್ಟರಲ್ಲಿ ಇವರು ಇಳಿದಾಗಿತ್ತು. ಓಡಿಸಿದವನು ಸೀಟಿನಲ್ಲೇ ಕೂತಿದ್ದ. ಇವರು ಹಲಗೆ ಕಿತ್ತೆಸೆದು ಅವಳ ಕೆನ್ನೆಗೆ ಹೊಡೆದರು. ಅವಳು ಕಲ್ಲಿನ ಮೇಲೆ ಬಿದ್ದಳು. ಮೊಣಕೈ ಮೂಳೆ ಕಲ್ಲಿಗೆ ಬಡಿದದ್ದು ಒಳಗೆ ಕೂತ ನಮಗೂ ಕೇಳಿಸಿತು.

ಹೊಲದಲ್ಲಿ ಒಕ್ಕಣೆ ಮಷಿನ್ ನಿಂತಿತು. ಐದಾರು ಜನ ದೊಣ್ಣೆ ಹಿಡಿದು ಬಂದರು. ಮೊದಲ ಪೆಟ್ಟು ಇವರ ಭುಜಕ್ಕೆ, ಎರಡನೆಯದು ತಲೆಗೆ. ಇವರು ಒಬ್ಬನ ಕುತ್ತಿಗೆ ಹಿಡಿದು ಬಿಡಲಿಲ್ಲ. ಇವರ ಹಣೆಯ ರಕ್ತ ಅವನ ಮುಖದ ಮೇಲೂ ತೊಟ್ಟಿಕ್ಕುತ್ತಿತ್ತು. "ಹಾಕ್ರೋ, ಹೆಣ್ಮಗಳ ಮೇಲೆ ಕೈ ಮಾಡ್ತಾನೆ, ಹೂತಾಕ್ರೋ" ಎಂದು ಯಾರೋ ಕೂಗಿದರು.

ಎರಡೇ ಬಾಗಿಲಿನ ಕಾರು. ಮುಂದಿನ ಸೀಟು ಮಡಚದೆ ನಾವು ಇಳಿಯುವಂತಿರಲಿಲ್ಲ. ಅದನ್ನು ಮಡಚುವ ಹಿಡಿಕೆಗಾಗಿ ತಡಕಾಡಿದೆ. ಜಗಳೂರಿನವಳು ನನ್ನ ತೋಳಿನ ಕೆಳಗೆ ಕೈ ತೂರಿಸಿ, "ಇಲ್ಲೈತೆ ಅಕ್ಕಾ" ಎಂದು ಎಳೆದಳು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಬಾಗಿಲನ್ನೂ ಸದ್ದಾಗದಂತೆ ಹಾಕಲು ಕಲಿಸಿದ್ದರು. ಇಳಿದವಳು, "ಬೇಡ್ರಿ, ಬಿಡ್ರಿ" ಎಂದೆ, ನನ್ನ ದನಿ ನನಗೇ ಕೇಳಿಸಲಿಲ್ಲ. ಇವರು ಮಂಡಿಯೂರಿದ್ದರು. ದೊಣ್ಣೆ ಮತ್ತೆ ಮೇಲೆದ್ದಿತ್ತು. ಆ ಜನಕ್ಕೆ ಏನಾದರೂ ಒಂದು ಒಡೆಯಲೇಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ ಅನ್ನಿಸಿತು. ಅಂಚಿನ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಕಾರಿನ ಮುಂದಿನ ದೀಪದ ಮೇಲೆ ಹಾಕಿದೆ. ಒಡೆಯಿತು. ಮತ್ತೆ ಎತ್ತಿ ಮುಂದಿನ ಗಾಜಿಗೆ ಹಾಕಿದೆ. ಅದು ಜೇಡರ ಬಲೆಯ ಹಾಗೆ ಬಿರಿಯಿತು. ಅಷ್ಟರಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದರು. ಮೂರನೆಯದು ಬೇಕಿರಲಿಲ್ಲ. ಆದರೂ ಬಾಗಿಲಿನ ಗಾಜಿಗೆ ಹಾಕಿದೆ, ಅದು ಕಲ್ಲುಸಕ್ಕರೆಯ ಹಾಗೆ ಉದುರಿತು. ಕೈಗೆ ಹಿತವಾಗಿತ್ತು. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಬಿದ್ದಿದ್ದ ಹೆಂಗಸೇ ಮೊದಲು ಮಾತಾಡಿದಳು. "ಯಕ್ಕಾ, ಗಾಜೆಲ್ಲ ನನ್ ಜೋಳಕ್ಕೆ ಬೀಳ್ತೈತೆ. ಅತ್ಲಾಗಿಂದ ಹೊಡಿ."

ದೊಣ್ಣೆ ಹಿಡಿದ ಮುದುಕನೊಬ್ಬ, "ಬುಡ್ರೋ, ಅವನ ಹೆಂಡ್ರೇ ಒಡೆಯಾಕೆ ನಿಂತೈತೆ, ನಮಗೇನು ಕೆಲ್ಸ" ಎಂದ. ಯಾರೋ ನಕ್ಕರು. ದೊಣ್ಣೆಗಳು ಕೆಳಗಿಳಿದವು.

ಆ ಹೆಂಗಸಿನ ಕೈಗೆ ನನ್ನ ವೇಲು ಕಟ್ಟಿದೆ. ಅವಳ ಪಕ್ಕ ಕೂತು ಕಾಳಿನಲ್ಲಿ ಸೇರಿದ್ದ ಗಾಜು ಆರಿಸತೊಡಗಿದೆ. "ಏಳಕ್ಕಾ, ಅದು ನಿಂಗಾಗಲ್ಲ. ಗಂಡನ್ನ ನೋಡ್ಹೋಗು, ಸತ್ತಾನು" ಎಂದಳು. ಅವಳನ್ನೂ ಇವರನ್ನೂ ಒಂದೇ ಆಟೋದಲ್ಲಿ ಹೊನ್ನಾಳಿ ಆಸ್ಪತ್ರೆಗೆ ಕರೆದೊಯ್ದೆ. ಇವರಿಗೆ ಒಂಬತ್ತು ಹೊಲಿಗೆ, ಅವಳಿಗೆ ಮೊಣಕೈ ಮೂಳೆ ಬಿರುಕು. ದಾರಿಯುದ್ದಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ವ್ಯಾಪಾರ ಮುರಿಯಿತೆಂದೇ ತಿಳಿದಿದ್ದೆ. ಜಗಳೂರಿನವನು ಆಸ್ಪತ್ರೆಗೇ ಬಂದ. "ಗಾಜು ಹೊಸದು ಹಾಕಿಸಬಹುದು. ಇಷ್ಟು ಕಮ್ಮಿ ಓಡಿದ್ದು ಬೇರೆ ಕಡೆ ಸಿಗುತ್ತಾ? ನಾನು ತಗೋತೀನಿ" ಎಂದ. ಅವನ ಹೆಂಡತಿ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಈ ಕಾರಿನ ಬಗ್ಗೆ ಆ ಹುಡುಗಿಗೆ ಒಂದು ಮಾತು ಹೇಳಬೇಕಿತ್ತು. ಹೇಳಿದರೆ ಕಾರು ನಮ್ಮ ಮನೆಗೇ ವಾಪಸು ಬರುತ್ತಿತ್ತು. ಹೇಳಲಿಲ್ಲ.

ಸಂಜೆ ಕಾರನ್ನು ಆ ರಸ್ತೆಯಿಂದಲೇ ಲಾರಿಗೆ ಹೇರಿ ಒಯ್ದರು. ಇವರು ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಪತ್ರಕ್ಕೆ ಸಹಿ ಹಾಕಿ, ಮನೆಗೆ ಬಂದವರೇ ಒಳಗೆ ಹೋಗಿ ಮಲಗಿದರು. ನಾನು ಕಟ್ಟೆಯ ಮೇಲೆ ಕೂತು ಅಂಗೈಗೆ ಚುಚ್ಚಿದ್ದ ಗಾಜಿನ ಚೂರನ್ನು ಪಿನ್ನಿನಿಂದ ತೆಗೆಯುತ್ತಿದ್ದೆ. ಇನ್ನು ಯಾರ ಕಿವಿಯೂ ಒಡೆಯುವುದಿಲ್ಲ ಎಂದುಕೊಂಡೆ.

ಪಕ್ಕದ ಮನೆಯಾಕೆ ಕರಿಬೇವು ಕೀಳಲು ಬಂದರು. ಖಾಲಿ ಶೆಡ್ಡಿನ ಕಡೆ ನೋಡುತ್ತಾ, ಎಲೆ ಮುರಿಯುತ್ತಲೇ ಹೇಳಿದರು: "ಒಳ್ಳೇದಾಯ್ತು ಬಿಡ್ರಿ, ಇದು ಹೋಗಿದ್ದು. ಈಗ ತರೋ ಹೊಸ ಕಾರು ಇದಕ್ಕಿಂತ ಜೋರಂತಲ್ರೀ, ಮೊನ್ನೆನೇ ನಿಮ್ಮನೆಯವ್ರು ನಮ್ಮನೆಯವ್ರಿಗೆ ಫೋಟೋ ತೋರಿಸಾಕೆ ಬಂದಿದ್ರು."